ನಮ್ಮ ಅನ್ನ ಯಾರ ಕೈಯಿಂದ ಬಂತು?

ಹೊಳೆಸಾಲಿನ ನನ್ನ ಕ್ರೈಸ್ತ ಬಂಧುಗಳೇ, ಒಂದು ಮಾತನ್ನು ನೇರವಾಗಿಯೇ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಪ್ರಾರ್ಥನಾಕೂಟದಲ್ಲಿ ಸಾಕ್ಷಿ ಹೇಳಲು ಎದ್ದು ನಿಂತಾಗ ನಾವು ಏನೇನು ಹೇಳುತ್ತೇವೆ? ಮಗನಿಗೆ ಕುವೈತಿನ ವೀಸಾ ಬಂತು, ದೇವರ ದಯೆ. ಹೆದ್ದಾರಿ ಬದಿಯ ಜಾಗಕ್ಕೆ ಒಳ್ಳೆಯ ದರ ಸಿಕ್ಕಿತು, ದೇವರ ದಯೆ. ಮಗಳಿಗೆ ನರ್ಸಿಂಗ್ ಸೀಟು, ಮನೆಗೆ ಕಾರು, ಅಂಗಳಕ್ಕೆ ಇಂಟರ್‌ಲಾಕ್, ಎಲ್ಲವೂ ದೇವರ ದಯೆ. ಇರಲಿ, ಅವೂ ದಯೆಯೇ, ಅಲ್ಲವೆನ್ನಲು ನಾನ್ಯಾರು? ಆದರೆ ಜಡಿಮಳೆ ಹಿಡಿದ ಜೂನ್ ತಿಂಗಳಲ್ಲಿ ಮಕ್ಕಳ ಗಂಜಿಗೆ ಒಂದೊಂದು ತುಂಡು ಒಣಮೀನು ಸುಟ್ಟು ಕೊಡಲು ಸಾಧ್ಯವಾಯಿತು, ದೇವರಿಗೆ ಸ್ತೋತ್ರ ಎಂದು ಯಾರಾದರೂ ಮೈಕಿನ ಮುಂದೆ ಹೇಳಿದ್ದನ್ನು ಕೇಳಿದ್ದೀರಾ? ನಾನಂತೂ ಕೇಳಿಲ್ಲ. ಹೇಳಲು ನಾಚಿಕೆ. ಬಡತನ ಬಯಲಾಗಿಬಿಡುತ್ತದೆ ಎಂಬ ಅಂಜಿಕೆ.

ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯಲ್ಲಿ ನಾವು ಬೇಡಿಕೊಳ್ಳುವುದಾದರೂ ಆ ಗಂಜಿಯನ್ನೇ ಅಲ್ಲವೇ? ಇವತ್ತಿನ ಊಟವನ್ನು ಇವತ್ತು ಕೊಡು ಎಂದು ಕೇಳುತ್ತೇವೆ. ಅದೂ ನನ್ನ ಮನೆಗಷ್ಟೇ ಅಲ್ಲ, ನಮಗೆಲ್ಲರಿಗೂ. ಸಂಜೆ ಜಪಸರ ಹಿಡಿದು ಕೂತರೆ ಒಂದೇ ಕೂರಿಕೆಯಲ್ಲಿ ಎಷ್ಟು ಸಲ ಹೇಳುತ್ತೇವೆ! ಬಾಯಿಪಾಠವಾಗಿ ಹೋದದ್ದರಿಂದಲೇ ಇರಬೇಕು, ಏನು ಕೇಳುತ್ತಿದ್ದೇವೆ ಎಂಬುದು ತಲೆಗೆ ಹೋಗುವುದಿಲ್ಲ. ವಿಮೋಚನಕಾಂಡದ 16ನೆಯ ಅಧ್ಯಾಯವನ್ನು ಒಮ್ಮೆ ತೆಗೆದು ಓದಿ. ಮರುಭೂಮಿಯಲ್ಲಿ ಮನ್ನ ಬಿದ್ದಾಗ ತಲೆಗೆ ಇಷ್ಟು ಎಂಬ ಅಳತೆಯಿತ್ತು. ಆಸೆಯಿಂದ ಬಾಚಿದವನದ್ದನ್ನೂ ಕೈಲಾದಷ್ಟು ಹೆಕ್ಕಿದ ಮುದುಕಿಯದ್ದನ್ನೂ ಅಳೆದರೆ ಒಂದೇ ಸಮ. ನಾಳೆಗಿರಲಿ ಎಂದು ಗುಡಾರದಲ್ಲಿ ಅಡಗಿಸಿಟ್ಟದ್ದಕ್ಕೆ ಹುಳ ಬಿತ್ತು. ದೇವರು ಒದಗಿಸುತ್ತಾನೆ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ತೂಗು ಹಾಕಿಕೊಂಡಿರುವ ನಾವು ಈ ಹುಳದ ಭಾಗವನ್ನು ಮಾತ್ರ ಮರೆತಿದ್ದೇವೆ.

ಗೇರುಸೊಪ್ಪದ ಬಸ್ ನಿಲ್ಲುವಲ್ಲಿ ಬೆಳಗ್ಗೆ ಸ್ವಲ್ಪ ಹೊತ್ತು ನಿಂತು ನೋಡಿ. ಹೊನ್ನಾವರದ ಕಡೆಯಿಂದ ಬಂದ ಬಸ್ಸಿನಿಂದ ಮೀನಿನಕ್ಕ ಇಳಿಯುತ್ತಾಳೆ. ಹೆಚ್ಚುಕಡಿಮೆ 30 ಕಿಲೋಮೀಟರಿನ ದಾರಿ. ಬೆಳಕು ಹರಿಯುವ ಮುಂಚೆ ಎದ್ದು, ದಕ್ಕೆಯಲ್ಲಿ ಹರಾಜಿನ ಗಲಾಟೆಯಲ್ಲಿ ನುಗ್ಗಿ, ಸಂಜೆ ಕೊಡುತ್ತೇನೆಂದು ಸಾಲ ಹೇಳಿ ಮೀನು ಎತ್ತಿಕೊಂಡು ಬಂದವಳು. ಪ್ಲಾಸ್ಟಿಕ್ ಬುಟ್ಟಿ, ಮೀನಿನ ಮೇಲೆ ಐಸಿನ ಚೂರು, ಅದರ ಮೇಲೆ ಒದ್ದೆ ಗೋಣಿತುಂಡು. ಬುಟ್ಟಿಯ ನೀರು ಸೋರುತ್ತದೆಂದು ಬಸ್ಸಿನಲ್ಲಿ ಪಕ್ಕದವರು ಸೆರಗು ಸರಿಸಿಕೊಂಡಿರುತ್ತಾರೆ. ಆಕೆ ಬಂಗಡೆ ನೂರಕ್ಕೆ ಐದು ಎನ್ನುತ್ತಾಳೆ. ನಾವು ಏಳು ಕೇಳುತ್ತೇವೆ. “ಇವತ್ತು ದೋಣಿಗೆ ಮೀನೇ ಬಿದ್ದಿಲ್ಲ ಬಾಯಮ್ಮ, ದೇವ್ರಾಣೆ” ಎನ್ನುತ್ತಾಳೆ. ಜಗ್ಗಾಡಿ ಆರಕ್ಕೆ ತಂದು ನಿಲ್ಲಿಸುತ್ತೇವೆ. ಚೀಲಕ್ಕೆ ಹಾಕಿಕೊಟ್ಟ ಮೇಲೆ ಆಕೆ ಬುಟ್ಟಿಯ ಮೂಲೆಗೆ ಕೈ ಹಾಕಿ ನಾಲ್ಕು ಸಣ್ಣ ತಾರಲೆ ತೆಗೆದು, “ಬೆಕ್ಕಿಗಾದರೂ ಆಯ್ತು” ಎಂದು ಕೊಸರು ಹಾಕುತ್ತಾಳೆ. ಚೌಕಾಸಿಯಲ್ಲಿ ಆಕೆಯನ್ನು ಸೋಲಿಸಿದ ಮೇಲೂ ಕೊಸರು!

ಮನೆಗೆ ಬಂದು, ತೆಂಗಿನಕಾಯಿ ರುಬ್ಬಿ ಸಾರು ಮಾಡಿ, ಬಡಿಸಿಕೊಂಡು, ಶಿಲುಬೆಯ ಗುರುತು ಹಾಕಿ ಈ ಊಟ ಕೊಟ್ಟ ದೇವರಿಗೆ ವಂದನೆ ಸಲ್ಲಿಸುತ್ತೇವೆ. ದೇವರು ಯಾವ ಬಸ್ಸಿನಲ್ಲಿ ಬಂದಿದ್ದ ಎಂದು ಮಾತ್ರ ಯೋಚಿಸುವುದಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ, ಒಳ್ಳೆಯ ನಿಯಮ. ಆ ಎರಡು ತಿಂಗಳು ಆಕೆಯ ಒಲೆ ಹೇಗೆ ಉರಿಯುತ್ತದೆ ಎಂದು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಹಲಸಿನ ಹಪ್ಪಳ ಸುಟ್ಟುಕೊಂಡು, ಅಪ್ಪೆಮಿಡಿ ಉಪ್ಪಿನಕಾಯಿ ನಂಜಿಕೊಂಡು ನಾವು ಮಳೆಗಾಲವನ್ನು ಸುಖಿಸುತ್ತೇವೆ. ಆಗಸ್ಟಿನಲ್ಲಿ ಆಕೆ ಮತ್ತೆ ಬಂದಾಗ ನಮ್ಮ ಮೊದಲ ಮಾತು, “ಏನು, ಇಷ್ಟು ದುಬಾರಿ?”

ನಮ್ಮವರು ಈ ನಾಡಿಗೆ ಬಂದದ್ದೇ ಅನ್ನ ಹುಡುಕಿಕೊಂಡು. ಗೋವೆಯಲ್ಲಿ ಯುದ್ಧ, ಬರ, ರೋಗರುಜಿನ, ತೆರಿಗೆಯ ಹೊರೆ. 1560ರಿಂದ ಧರ್ಮವಿಚಾರಣೆಯ ಕಾಟ. ಕ್ರೈಸ್ತ ಅರಸರ ಕೈಯಿಂದಲೇ ಜೀವ ಉಳಿಸಿಕೊಳ್ಳಲು ಕ್ರೈಸ್ತರು ಗಡಿ ದಾಟಿ ಕನ್ನಡ ಸೀಮೆಗೆ ಬಂದರು ಎಂಬುದು ನಮ್ಮ ಚರಿತ್ರೆಯ ವಿಚಿತ್ರ, ಅದನ್ನು ನಾವು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ. ಬಂದವರಿಗೆ ಇಲ್ಲಿ ಕಾದಿದ್ದದ್ದು ಏನು? ಕೆಳದಿಯ ನಾಯಕರಿಗೆ ಪಾಳು ಬಿದ್ದ ನೆಲ ಉಳುವ ಕೈಗಳು ಬೇಕಾಗಿದ್ದವು. ನಮ್ಮ ಹಿರಿಯರು ಒಳ್ಳೆಯ ಬೇಸಾಯಗಾರರು. ನೆಲ ಸಿಕ್ಕಿತು. 1678ರಲ್ಲಿ ಕೆಳದಿ ಮತ್ತು ಪೋರ್ಚುಗೀಸರ ನಡುವೆ ಆದ ಒಪ್ಪಂದದಲ್ಲಿ ಮಿರ್ಜಾನ, ಹೊನ್ನಾವರ, ಚಂದಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಲು ಅನುಮತಿಯೂ ಸಿಕ್ಕಿತು. ಆಗ ಕೆಳದಿಯಲ್ಲಿ ಆಳುತ್ತಿದ್ದದ್ದು ಚೆನ್ನಮ್ಮ, ವೀರಶೈವ ರಾಣಿ. ಮುಂದೆ 1681ರಲ್ಲಿ ಗೋವೆಯಿಂದ ಬಂದ ಪಾದ್ರಿ ಜೋಸೆಫ್ ವಾಜ್ ಈ ಕರಾವಳಿಯಲ್ಲಿ ಊರೂರು ತಿರುಗಿ ಚದುರಿದ ಕ್ರೈಸ್ತರನ್ನು ಒಟ್ಟುಗೂಡಿಸಿದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಸಂತರಿಗೆ ಇಲ್ಲಿ ಕಾಲಿಡಲು ನೆಲ ಯಾರು ಕೊಟ್ಟಿದ್ದರೆಂದು ನೆನಪಿಸುವವರು ಕಡಿಮೆ.

ಗೇರುಸೊಪ್ಪದ ಕಥೆ ಇನ್ನೂ ಹಳೆಯದು. ಫ್ರಾನ್ಸಿಸ್ ಕ್ಸೇವಿಯರ್ ಚೀನಾದ ದ್ವೀಪವೊಂದರಲ್ಲಿ ತೀರಿಕೊಂಡ 1552ರಲ್ಲೇ ಇಲ್ಲಿ ಚೆನ್ನಭೈರಾದೇವಿ ಪಟ್ಟಕ್ಕೆ ಬಂದಳೆಂದು ಇತಿಹಾಸಕಾರರು ಹೇಳುತ್ತಾರೆ. ಜೈನ ರಾಣಿ, ಪೋರ್ಚುಗೀಸರ ಬಾಯಲ್ಲಿ ಮೆಣಸಿನ ರಾಣಿ. ಘಟ್ಟದಿಂದ ಇಳಿದ ಮೆಣಸು ಗೇರುಸೊಪ್ಪದಲ್ಲಿ ದೋಣಿಗೇರಿ ಶರಾವತಿಯಲ್ಲಿ ಹೊನ್ನಾವರಕ್ಕೆ ಹೋಗುತ್ತಿತ್ತು. ಅದರ ಮೇಲೆ ಕಣ್ಣಿಟ್ಟೇ ಪೋರ್ಚುಗೀಸ್ ಹಡಗುಗಳು ಹೊನ್ನಾವರದ ಮೇಲೆ ಏರಿ ಬಂದವು. ಶಿಲುಬೆಯ ಗುರುತು ಹೊತ್ತ ಹಡಗುಗಳು ಅವು. ನಗರಬಸ್ತಿಕೇರಿಯ ಕಾಡಿನಲ್ಲಿ ಚತುರ್ಮುಖ ಬಸದಿಯ ನಾಲ್ಕು ಬಾಗಿಲುಗಳ ಎದುರು ನಿಂತಾಗ ಈ ಲೆಕ್ಕವೂ ನಮ್ಮ ನೆನಪಿನಲ್ಲಿರಬೇಕು.

1784ರಲ್ಲಿ ಟಿಪ್ಪು ಸುಲ್ತಾನನ ಸೈನಿಕರು ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದದ್ದು, ಎಷ್ಟೋ ಜನ ದಾರಿಯಲ್ಲೇ ಸತ್ತದ್ದು, ಉಳಿದವರು 1799ರ ನಂತರ ಮರಳಿದ್ದು ನಮಗೆ ಚೆನ್ನಾಗಿ ಗೊತ್ತು. ಗೊತ್ತಿರಬೇಕಾದ್ದೇ. ಆದರೆ ಹೊಡೆದ ಕೈಯ ನೆನಪು ಇಷ್ಟು ಹಸಿಯಾಗಿರುವಾಗ ಉಣಿಸಿದ ಕೈಯ ನೆನಪು ಯಾಕೆ ಒಣಗಿತು? ಚೆನ್ನಮ್ಮನ ಹೆಸರನ್ನು ಒಂದು ಪ್ರಸಂಗದಲ್ಲಾದರೂ, ಒಂದು ಧರ್ಮೋಪದೇಶ ತರಗತಿಯಲ್ಲಾದರೂ ಮಕ್ಕಳು ಕೇಳಿದ್ದಾರೆಯೇ?

ಎಲೀಯನ ಕಥೆ ನಿಮಗೆ ಹೊಸದಲ್ಲ. ಬರಗಾಲ, ಹಳ್ಳದ ಬದಿಯಲ್ಲಿ ಕಾಗೆಗಳು ಪ್ರವಾದಿಗೆ ರೊಟ್ಟಿ ತಂದು ಕೊಡುತ್ತಿದ್ದವು. ಹಳ್ಳ ಬತ್ತಿತು. ಆಗ ದೇವರು ಅವನನ್ನು ಇಸ್ರಯೇಲಿನ ಯಾವ ಸಿರಿವಂತನ ಮನೆಗೂ ಕಳಿಸಲಿಲ್ಲ. ಗಡಿಯಾಚೆ, ಪರಧರ್ಮದವರ ಊರಾದ ಸರೆಪ್ತಕ್ಕೆ, ಒಬ್ಬ ವಿಧವೆಯ ಮನೆಗೆ ಕಳಿಸಿದ. ಆಕೆಯಲ್ಲಿದ್ದದ್ದು ಒಂದು ಹಿಡಿ ಹಿಟ್ಟು, ಕುಡಿಕೆಯ ತಳದಲ್ಲಿ ಒಂದಿಷ್ಟು ಎಣ್ಣೆ. ಅದನ್ನು ತಟ್ಟಿ ಮಗನೂ ತಾನೂ ತಿಂದು ಸಾಯುವುದೆಂದು ಸೌದೆ ಆರಿಸುತ್ತಿದ್ದಳು. ದೇವರ ಮನುಷ್ಯನಿಗೆ ಊಟ ಹಾಕಿದವಳು ಅವಳು. ಶತಮಾನಗಳ ನಂತರ ಯೇಸು ತನ್ನದೇ ಊರು ನಜರೇತಿನಲ್ಲಿ ಈ ವಿಧವೆಯ ಪ್ರಸ್ತಾಪ ಮಾಡಿದ. ಲೂಕನ ಶುಭಸಂದೇಶದ 4ನೆಯ ಅಧ್ಯಾಯ ನೋಡಿ: ಅದನ್ನು ಕೇಳಿ ಪ್ರಾರ್ಥನಾಮಂದಿರದಲ್ಲಿದ್ದವರೆಲ್ಲ ಕೆರಳಿ, ಅವನನ್ನು ಗುಡ್ಡದ ಅಂಚಿಗೆ ತಳ್ಳಿಕೊಂಡು ಹೋದರು. ದೇವರ ಕೊಡುಗೆ ಹೊರಗಿನವರ ಕೈಯಿಂದಲೂ ಬರುತ್ತದೆ ಎಂದದ್ದಕ್ಕೆ ಇಷ್ಟು ಕೋಪ!

ಆ ಕೋಪ ನಮ್ಮಲ್ಲೂ ಇದೆ ಎಂದು ಹೇಳದೆ ವಿಧಿಯಿಲ್ಲ. ಯಾರ ಅಂಗಡಿಯಲ್ಲಿ ಕೊಳ್ಳಬೇಕು, ಯಾರ ಗಾಡಿಯ ಹಣ್ಣು ಬೇಡ ಎಂಬ ವಾಟ್ಸ್‌ಆ್ಯಪ್ ಸಂದೇಶಗಳು ಕರಾವಳಿಯಲ್ಲಿ ಓಡಾಡುತ್ತಿವೆ. ನಮ್ಮ ಗುಂಪುಗಳಲ್ಲೂ ಅವು ಬರುತ್ತವೆ, ಬೆಳಗಿನ ಬೈಬಲ್ ವಾಕ್ಯದ ಕೆಳಗೇ ಬರುತ್ತವೆ, ಯಾರೂ ತಡೆಯುವುದಿಲ್ಲ. ಭಟ್ಕಳದ ನವಾಯತ ವ್ಯಾಪಾರಿ, ಕಾಸರಕೋಡಿನ ಖಾರ್ವಿ, ಹೊಳೆಯಾಚೆಯ ಹವ್ಯಕರ ತೋಟ, ಹಾಲಕ್ಕಿ ಒಕ್ಕಲಿಗರು ಹೊತ್ತು ತರುವ ಸೊಪ್ಪು ತರಕಾರಿ, ಇವನ್ನೆಲ್ಲ ತೆಗೆದಿಟ್ಟು ಒಂದು ದಿನದ ಊಟ ಮಾಡಿ ನೋಡೋಣ. ತಟ್ಟೆಯಲ್ಲಿ ಉಪ್ಪೂ ಉಳಿಯಲಿಕ್ಕಿಲ್ಲ. ಉಪ್ಪು ಬರುವುದೂ ಸಾಣಿಕಟ್ಟೆಯ ಆಗರದಿಂದ ತಾನೆ?

ಚಂದಾವರದ ಇಗರ್ಜಿಯಲ್ಲಿ ಡಿಸೆಂಬರ್ 3ರ ಫ್ರಾನ್ಸಿಸ್ ಕ್ಸೇವಿಯರರ ಹಬ್ಬಕ್ಕೆ ಎಲ್ಲ ಜಾತಿ ಧರ್ಮದವರು ಮೇಣದ ಬತ್ತಿ ಹಿಡಿದು ಬರುತ್ತಾರೆ. ನೋಡಿ ಹೆಮ್ಮೆಪಡುತ್ತೇವೆ, ಫೋಟೋ ತೆಗೆಯುತ್ತೇವೆ. ಅವರು ನಮ್ಮ ಸಂತನ ಹತ್ತಿರ ಬಂದಷ್ಟು ನಾವು ಅವರ ಕಷ್ಟದ ಹತ್ತಿರ ಹೋಗಿದ್ದೇವೆಯೇ?

ಸೆಪ್ಟೆಂಬರ್ 8ರ ತೆನೆಹಬ್ಬವನ್ನೇ ತೆಗೆದುಕೊಳ್ಳಿ, ನಮ್ಮ ಮೊಂತಿ ಫೆಸ್ತ್. ವರ್ಷದ ಹಬ್ಬಗಳಲ್ಲಿ ನನಗೆ ಇದರಷ್ಟು ಪ್ರೀತಿಯದು ಇನ್ನೊಂದಿಲ್ಲ. ಕ್ರಿಸ್ಮಸ್ಸಿಗಿಂತಲೂ ಒಂದು ಕೈ ಮೇಲು ಎಂದರೆ ಪಾದ್ರಿಗಳು ಗದರಿಸಿಯಾರು. ಒಂಬತ್ತು ದಿನ ಮಕ್ಕಳು ತಟ್ಟೆ ತುಂಬ ಹೂ ತಂದು ಬಾಲೆ ಮರಿಯಮ್ಮನಿಗೆ ಎರಚುತ್ತಾರೆ: ದಾಸವಾಳ, ಗೌರಿ ಹೂ, ಬೇಲಿಯ ಮೇಲಿನ ಯಾವುದೋ ಹಳದಿ ಹೂ. ಹಬ್ಬದ ದಿನ ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೊಂದರಂತೆ ಕೊಡುತ್ತಾರೆ. ಮನೆಯಲ್ಲಿ ಅಜ್ಜಿ ಆ ತೆನೆಯಿಂದ ಕಾಳು ಬಿಡಿಸಿ, ಉಗುರಿನಲ್ಲಿ ಹೊಟ್ಟು ಸುಲಿದು, ನಾಲ್ಕೇ ನಾಲ್ಕು ಅಕ್ಕಿಯನ್ನು ಜಜ್ಜಿ ಕಾಯಿಹಾಲಿಗೆ ಬೆಲ್ಲದ ಜೊತೆ ಸೇರಿಸುತ್ತಾಳೆ. ಹಿರಿಯರು ಮೊದಲು, ಮಕ್ಕಳು ಆಮೇಲೆ, ಒಬ್ಬೊಬ್ಬರಿಗೂ ಒಂದೊಂದು ಗುಟುಕು. ದುಬೈಯಲ್ಲಿರುವ ಮಗನಿಗೆಂದು ನಾಲ್ಕು ಕಾಳನ್ನು ಕಾಗದದಲ್ಲಿ ಮಡಿಸಿಟ್ಟು ಕಳಿಸುತ್ತಾರೆ. ಆ ದಿನ ಮೀನಿಲ್ಲ, ಮಾಂಸವಿಲ್ಲ. ಬಾಳೆಲೆ ಮೇಲೆ ಬರೀ ತರಕಾರಿ. ಒಂದು ತೆನೆಯ ಅಕ್ಕಿಯಿಂದ ಇಡೀ ಮನೆ ಉಣ್ಣುವ ಈ ಪದ್ಧತಿಗಿಂತ ಚೆನ್ನಾಗಿ ದೇವರ ಪಾಲನೆಯನ್ನು ಯಾವ ಪ್ರಸಂಗವೂ ಹೇಳಲಾರದು.

ಆದರೆ ಆ ತೆನೆ ಯಾರ ಗದ್ದೆಯದು? ಹಿಂದೆ ನಮ್ಮದೇ ಗದ್ದೆ. ಈಗ ಎಷ್ಟೋ ಮನೆಗಳ ಗದ್ದೆ ಹಡಿಲು ಬಿದ್ದಿದೆ. ಕೂಲಿಯಾಳು ಸಿಗುವುದಿಲ್ಲ, ಮಕ್ಕಳು ಕೊಲ್ಲಿಯಲ್ಲಿದ್ದಾರೆ, ಹಂದಿ-ಮಂಗಗಳ ಕಾಟ. ಕಾರಣಗಳೆಲ್ಲ ನಿಜವೇ. ಹಬ್ಬಕ್ಕೆ ತೆನೆ ಬೇಕಾದಾಗ ಯಾರೋ ಹೋಗಿ ಇನ್ನೂ ಗದ್ದೆ ಮಾಡುತ್ತಿರುವ ಒಬ್ಬ ನೆರೆಯವರನ್ನು ಕೇಳಿ ಕೊಯ್ದು ತರುತ್ತಾರೆ. ಅವರಿಗೆ ದುಡ್ಡು ಕೊಡಬೇಕೇ ಎಂದು ಕೇಳಿದರೆ, “ದೇವರ ಕೆಲಸಕ್ಕಲ್ಲವೇ ಸೋಮಿ, ಬೇಡ” ಎನ್ನುತ್ತಾರೆ. ಆ ಮನುಷ್ಯನ ಹೆಸರು ಪೀಠದ ಬಳಿ ಯಾರ ಬಾಯಲ್ಲೂ ಬರುವುದಿಲ್ಲ. ಹಬ್ಬದ ಊಟಕ್ಕೆ ಆತನಿಗೆ ಎಲೆ ಹಾಕಿದ್ದನ್ನೂ ನಾನು ಕಂಡಿಲ್ಲ.

ದೇವರ ಸನ್ನಿಧಿ ಬೇಕೆಂದು ನಾವು ವ್ಯಾನು ಮಾಡಿಕೊಂಡು ದೂರ ದೂರದ ಧ್ಯಾನಕೇಂದ್ರಗಳಿಗೆ ಹೋಗುತ್ತೇವೆ. ಹೋಗಿ ಬನ್ನಿ, ಬೇಡವೆನ್ನುವುದಿಲ್ಲ. ಆದರೆ ಆ ಸನ್ನಿಧಿಗೆ ಅಷ್ಟು ದೂರ ಹೋಗಲೇಬೇಕೆಂದಿಲ್ಲ. 17ನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಲಾರೆನ್ಸ್ ಎಂಬ ಕಾರ್ಮೆಲೈಟ್ ಸಹೋದರನಿದ್ದ. ಮಠದ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದಿನ ನಡುವೆಯೂ ತನಗೆ ದೇವರ ಸಂಗ ಪೂಜೆಯ ಹೊತ್ತಿನಷ್ಟೇ ಸಲೀಸು ಎನ್ನುತ್ತಿದ್ದ. ಅವನ ಬಗ್ಗೆ ಪುಸ್ತಕವೇ ಇದೆ. ನಮ್ಮ ಅಡುಗೆಮನೆಗಳಲ್ಲಿ ನಸುಕಿಗೆ ಎದ್ದು, ತೇರ್ಸ್ ಗುನುಗುತ್ತ ಕುಚಲಕ್ಕಿ ಬೇಯಿಸುವ ಹೆಂಗಸರ ಬಗ್ಗೆ ಯಾವ ಪುಸ್ತಕವೂ ಇಲ್ಲ. ಅವರು ಸಾಕ್ಷಿ ಹೇಳಲು ಬಂದರೆ ಕೂಟದವರು ಮೊದಲು ಕೇಳುವುದು, “ಏನು ಅದ್ಭುತ ನಡೆಯಿತು ಬಾಯಿ?”

ಇಲ್ಲಿ ಕಷ್ಟದ ಪ್ರಶ್ನೆಯೊಂದಿದೆ. ಅದನ್ನು ತಪ್ಪಿಸಿಕೊಂಡು ಹೋದರೆ ಇಷ್ಟು ಬರೆದದ್ದೂ ಸುಳ್ಳಾಗುತ್ತದೆ. 2024ರ ಜುಲೈ 16ರ ಬೆಳಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ರಸ್ತೆ ಬದಿಯಲ್ಲಿ ಚಹದಂಗಡಿ ಇಟ್ಟುಕೊಂಡಿದ್ದ ಒಂದು ಕುಟುಂಬ ಮಣ್ಣಿನೊಂದಿಗೆ ಗಂಗಾವಳಿಗೆ ಹೋಯಿತು. ಹೊಳೆಗೆ ಬಿದ್ದ ಮಣ್ಣಿನ ರಭಸಕ್ಕೆ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೆ ನುಗ್ಗಿತು. ಕೇರಳದ ಲಾರಿ ಚಾಲಕನೊಬ್ಬನಿಗಾಗಿ ಎರಡು ತಿಂಗಳಿಗೂ ಹೆಚ್ಚು ಕಾಲ ಹುಡುಕಾಟ ನಡೆಯಿತು. ಸೆಪ್ಟೆಂಬರ್ 25ರಂದು ಲಾರಿಯನ್ನು ಹೊಳೆಯಿಂದ ಮೇಲೆತ್ತಿದರು. ದಿನವಿಡೀ ದಾರಿಹೋಕರಿಗೆ, ಲಾರಿಯವರಿಗೆ ತಿಂಡಿ ಚಹ ಕೊಡುತ್ತಿದ್ದವರು ಆ ಚಹದಂಗಡಿಯ ಮನೆಯವರು. ಬೇರೆಯವರ ಹಸಿವಿಗೆ ಒದಗುತ್ತಿದ್ದವರಿಗೇ ಆ ಬೆಳಗ್ಗೆ ಯಾರೂ ಒದಗಲಿಲ್ಲ.

ಇಂಥ ದುರಂತ ನಡೆದಾಗಲೆಲ್ಲ ನಮ್ಮಲ್ಲಿ ಒಂದು ಮಾತು ಕೇಳಿಬರುತ್ತದೆ: “ಅರ್ಧ ತಾಸು ಮುಂಚೆ ನಾನು ಅಲ್ಲಿಂದಲೇ ಬಂದಿದ್ದೆ, ದೇವರು ಕಾಪಾಡಿದ.” ಹೇಳುವವರಿಗೆ ಅದು ಕೃತಜ್ಞತೆ. ಹೊಳೆಯ ದಡದಲ್ಲಿ ಹೆಣಕ್ಕಾಗಿ ಕಾಯುತ್ತ ಕೂತ ತಾಯಿಗೆ ಅದು ಹೇಗೆ ಕೇಳಿಸುತ್ತದೆ? ನಿನ್ನ ಮಗನನ್ನು ದೇವರು ಕಾಪಾಡಲಿಲ್ಲ ಎಂದೇ ಕೇಳಿಸುತ್ತದೆ. ಸಿಲೋವಿನ ಗೋಪುರ ಕುಸಿದು ಹದಿನೆಂಟು ಮಂದಿ ಸತ್ತ ಸುದ್ದಿಯನ್ನು ಯೇಸು ತಾನೇ ಎತ್ತಿದ್ದಾನೆ. ಸತ್ತವರು ಉಳಿದವರಿಗಿಂತ ದೊಡ್ಡ ಪಾಪಿಗಳೇನೂ ಅಲ್ಲ, ನಿಮ್ಮ ಬದುಕನ್ನು ತಿದ್ದಿಕೊಳ್ಳಿ ಎಂದು ಬದುಕುಳಿದವರ ಕಡೆಗೇ ಮಾತು ತಿರುಗಿಸಿದ. ಉಳಿದವರು ಉಳಿದದ್ದಕ್ಕೆ ಭಾಷಣ ಮಾಡಲಿ ಎಂದು ಅವನು ಹೇಳಿಲ್ಲ.

ಆ ದಿನ ದೇವರು ಎಲ್ಲಿದ್ದ? ಕೇಳುವುದು ಪಾಪವಲ್ಲ, ಶಿಲುಬೆಯ ಮೇಲಿಂದ ಯೇಸುವೇ ಕೇಳಿದ್ದಾನೆ. ಇದಕ್ಕೆ ಪೂರ್ತಿ ಉತ್ತರ ಕೊಡುವವರನ್ನು ಕಂಡರೆ ನನಗೆ ಅನುಮಾನ. ಉಕ್ಕುವ ಹೊಳೆಗೆ ಹಗ್ಗ ಕಟ್ಟಿಕೊಂಡು ಇಳಿದ ಮುಳುಗುಗಾರರನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ದೇವರು ಅವರ ಜೊತೆ ಇಳಿದಿದ್ದ ಎಂದಷ್ಟೇ ನಾನು ಧೈರ್ಯವಾಗಿ ಹೇಳಬಲ್ಲೆ. ಇನ್ನೂ ಒಂದು ಮಾತು. ರಸ್ತೆ ಅಗಲಕ್ಕೆ ಗುಡ್ಡವನ್ನು ಕಡಿದ ರೀತಿಯ ಬಗ್ಗೆ ಆಗ ಪ್ರಶ್ನೆಗಳು ಎದ್ದವು. ಮನುಷ್ಯರು ಮಾಡಿದ್ದಕ್ಕೆಲ್ಲ ದೇವರ ಚಿತ್ತ ಎಂಬ ಹೊದಿಕೆ ಹೊದಿಸಿ ಮಲಗಿಸುವುದು ಭಕ್ತಿಯಲ್ಲ. ಹಾಗೆ ಮಾಡಿದರೆ ಸತ್ತವರಿಗೂ ದೇವರಿಗೂ ಒಟ್ಟಿಗೇ ಅನ್ಯಾಯ.

ಶಿರೂರು ದೂರವೆನ್ನಿಸಿದರೆ ಗೇರುಸೊಪ್ಪದ ಅಣೆಕಟ್ಟೆಯ ಹತ್ತಿರ ಬನ್ನಿ. 1964ರಲ್ಲಿ ಮೇಲೆ ಲಿಂಗನಮಕ್ಕಿ ಅಣೆಕಟ್ಟೆ ಎದ್ದಿತು. ಮುಳುಗಡೆಯಾದ ಊರುಗಳವರಲ್ಲಿ ಎಷ್ಟೋ ಕುಟುಂಬಗಳು ಇಂದಿಗೂ ನೆಲದ ಹಕ್ಕಿಗಾಗಿ ಕಚೇರಿ ಅಲೆಯುತ್ತಿವೆ. ಕೆಳಗೆ ನಮ್ಮಲ್ಲಿ ಟೇಲ್‌ರೇಸ್ ಅಣೆಕಟ್ಟೆ, 240 ಮೆಗಾವ್ಯಾಟ್. ವಿದ್ಯುತ್ತಿಗಾಗಿ ವರ್ಷವಿಡೀ ಬಿಡುವ ಸಿಹಿನೀರು ಅಳಿವೆಯವರೆಗೂ ಹರಿದು ಉಪ್ಪಿನ ಹದ ಕೆಡಿಸಿದೆ, ಅದಕ್ಕೇ ಅಣೆಕಟ್ಟೆಯಿಲ್ಲದ ಅಘನಾಶಿನಿಯಲ್ಲಿರುವಷ್ಟು ಮೀನು, ಬಳಚು ಶರಾವತಿಯ ಅಳಿವೆಯಲ್ಲಿಲ್ಲ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನಕಾರರು ಬರೆದಿದ್ದಾರೆ. ಇಳಿತದ ಹೊತ್ತಿಗೆ ಸೊಂಟಮಟ್ಟ ನೀರಿನಲ್ಲಿ ನಿಂತು ಬಳಚು ಹೆಕ್ಕುವ ಹೆಂಗಸರಿಗೆ ಈ ವಿಷಯ ಯಾವ ಅಧ್ಯಯನವೂ ಹೇಳುವ ಮುಂಚೆ ಬುಟ್ಟಿಯ ತೂಕದಿಂದಲೇ ಗೊತ್ತಾಗುತ್ತದೆ. ಕ್ರಿಸ್ಮಸ್ಸಿಗೆ ಗೋದಲಿಯ ಸುತ್ತ ನಾವು ಬೆಳಗಿಸುವ ದೀಪದ ಸರಕ್ಕೆ ಕರೆಂಟು ಬರುವುದು ಇಂಥ ಹೊಳೆಗಳಿಂದಲೇ.

ಈಗ ಅದೇ ಕಣಿವೆಯಲ್ಲಿ, ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ, 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು. ಸಿಂಗಳೀಕಗಳ ಅಭಯಾರಣ್ಯ ಅದು. ಹೊಳೆಯ ಇನ್ನೊಂದು ತುದಿಯಲ್ಲಿ, ಕಾಸರಕೋಡ ಟೊಂಕದಲ್ಲಿ, ಬಂದರು ಯೋಜನೆಯ ವಿರುದ್ಧ ಮೀನುಗಾರರು ವರ್ಷಗಳಿಂದ ಬೀದಿಯಲ್ಲಿದ್ದಾರೆ. ಅವರು ಮೀನು ಒಣಗಿಸುತ್ತಿದ್ದ ಮರಳು ಅದು. ಯಾವ ಪಕ್ಷಕ್ಕೆ ಮತ ಹಾಕಬೇಕೆಂದು ನಾನು ಹೇಳುತ್ತಿಲ್ಲ. ದೇಶಕ್ಕೆ ವಿದ್ಯುತ್ ಬೇಡ, ಬಂದರು ಬೇಡ ಎಂದೂ ಹೇಳುತ್ತಿಲ್ಲ. ಅಂದಂದಿನ ಊಟ ಕೊಡೆಂದು ಬೇಡುವ ಬಾಯಿ, ಆ ಊಟ ಕಳೆದುಕೊಳ್ಳುವ ನೆರೆಯವರ ಸಭೆಯಲ್ಲಿ ಮೌನವಾಗಿರಬಹುದೇ ಎಂದು ಕೇಳುತ್ತಿದ್ದೇನೆ. ಭೂಮಿಯ ಕೂಗು, ಬಡವರ ಕೂಗು ಎರಡನ್ನೂ ಕೇಳಿಸಿಕೊಳ್ಳಬೇಕು ಎಂದು ಪೋಪ್ ಫ್ರಾನ್ಸಿಸ್ 2015ರ ತಮ್ಮ ವಿಶ್ವಪತ್ರದಲ್ಲಿ ಬರೆದರು. ನಮ್ಮಲ್ಲಿ ಆ ಪತ್ರದ ಮೇಲೆ ವಿಚಾರಗೋಷ್ಠಿಗಳಾದವು, ಸಸಿ ನೆಟ್ಟು ಫೋಟೋ ತೆಗೆಸಿಕೊಂಡದ್ದೂ ಆಯಿತು. ಟೊಂಕದ ಮರಳಿನ ಮೇಲೆ ಅವರ ಪಕ್ಕ ಕೂತವರು ನಮ್ಮಲ್ಲಿ ಎಷ್ಟು ಜನ?

ನಾಲ್ಕನೆಯ ಶತಮಾನದಲ್ಲಿ ಕಪ್ಪದೋಕ್ಯದಲ್ಲಿ ಬರ ಬಿದ್ದಾಗ, ಮುಂದೆ ಧರ್ಮಾಧ್ಯಕ್ಷನಾದ ಬಸೀಲ ಕಣಜ ತುಂಬಿಸಿಟ್ಟವರನ್ನು ಎದುರಿಗೇ ನಿಲ್ಲಿಸಿ ಬೈದ. ನೀನು ಕೂಡಿಟ್ಟದ್ದು ಹಸಿದವನ ಸೊತ್ತು ಎಂಬುದು ಅವನ ವಾದ. ದಾನದ ಮಾತೇ ಅಲ್ಲಿ ಇಲ್ಲ, ಸಾಲ ತೀರಿಸುವ ಮಾತು. ದೇವರು ಕೊಟ್ಟದ್ದು ಸಾಲದೆಂದು ಯಾರೂ ಉಪವಾಸ ಬಿದ್ದಿಲ್ಲ. ನಡುವೆ ಇರುವ ಕೈಗಳು ಮುಷ್ಟಿ ಕಟ್ಟಿಕೊಂಡದ್ದರಿಂದ ಬಿದ್ದಿದ್ದಾರೆ. ನಮ್ಮ ಪ್ರಾರ್ಥನೆಗೆ ದೇವರು ಇನ್ನೊಬ್ಬರ ಕೈಯಿಂದ ಉತ್ತರ ಕೊಟ್ಟಿದ್ದಾನೆ ಎಂದರೆ, ಇನ್ಯಾರದೋ ಪ್ರಾರ್ಥನೆಯ ಉತ್ತರ ನಮ್ಮ ಕೈಯಲ್ಲಿ ಇಷ್ಟು ಹೊತ್ತಿಗೆ ಬಂದು ಕೂತಿರಬೇಕು.

ಹಾಗಾದರೆ ಏನು ಮಾಡಬೇಕು? ದೊಡ್ಡ ಸಂಘ ಕಟ್ಟುವುದು ಬೇಡ, ಪದಾಧಿಕಾರಿಗಳ ಆಯ್ಕೆಯಲ್ಲೇ ವರ್ಷ ಕಳೆಯುತ್ತದೆ. ಮನೆಯಲ್ಲಿ ಊಟದ ಪ್ರಾರ್ಥನೆಗೆ ಒಂದು ಹೆಸರು ಸೇರಿಸಿ: ಇವತ್ತು ಮೀನು ತಂದವರದ್ದು, ಹಾಲು ಕೊಟ್ಟವರದ್ದು, ತೋಟಕ್ಕೆ ಬಂದ ಆಳಿನದ್ದು. ಹೆಸರು ಗೊತ್ತಿಲ್ಲವೇ, ನಾಳೆ ಕೇಳಿ ತಿಳಿದುಕೊಂಡು ಬನ್ನಿ. ಮೀನಿನಕ್ಕನ ಹತ್ತಿರ ಚೌಕಾಸಿ ಬಿಡಿ. ಜೂನ್ ಜುಲೈನಲ್ಲಿ ಆಕೆಯ ಮನೆಗೆ ಹತ್ತು ಕಿಲೋ ಅಕ್ಕಿ ಮುಟ್ಟಿಸಿ, ಮುಟ್ಟಿಸಿದ್ದನ್ನು ಸ್ಟೇಟಸ್ಸಿಗೆ ಹಾಕಬೇಡಿ. ಹಡಿಲು ಬಿದ್ದ ಗದ್ದೆಯನ್ನು ಮಾಡುವವರಿಗೆ ಗೇಣಿಯಿಲ್ಲದೆ ಕೊಡಿ. ವಾಟ್ಸ್‌ಆ್ಯಪ್ಪಿನಲ್ಲಿ ನೆರೆಯವರ ಹೊಟ್ಟೆಗೆ ಹೊಡೆಯುವ ಸಂದೇಶ ಬಂದಾಗ, ಇದು ನಮ್ಮ ಗುಂಪಿನಲ್ಲಿ ಬೇಡ ಎಂದು ಎಲ್ಲರಿಗೂ ಕಾಣುವಂತೆ ಬರೆಯಿರಿ. ಹೊಳೆಯ ಬಗ್ಗೆ, ಟೊಂಕದ ಬಗ್ಗೆ ಸಭೆ ಕರೆದಾಗ ಹೋಗಿ ಕೂತುಕೊಳ್ಳಿ. ಮಾತಾಡಲು ಬರದಿದ್ದರೆ ಕೇಳಿಸಿಕೊಳ್ಳಿ. ಉಪದೇಶಿಗಳೇ, ಟೀಚರುಗಳೇ, ಮಕ್ಕಳಿಗೆ ಜೋಸೆಫ್ ವಾಜರ ಪಾಠ ಮಾಡುವ ದಿನವೇ ಚೆನ್ನಮ್ಮನ ಪಾಠವನ್ನೂ ಮಾಡಿ. ಫಾದರ್, ತಮ್ಮಲ್ಲೂ ಒಂದು ವಿನಂತಿ: ತೆನೆ ಆಶೀರ್ವದಿಸುವ ದಿನ ಅದನ್ನು ಬೆಳೆದವರನ್ನು, ಅವರು ಯಾವ ಧರ್ಮದವರೇ ಆಗಲಿ, ಇಗರ್ಜಿಯ ಅಂಗಳಕ್ಕೆ ಕರೆದು ಜನರ ಎದುರು ಕೈಮುಗಿಯಿರಿ.

ಕೂಲಿಯವನ ಸಂಬಳವನ್ನು ಹೊತ್ತು ಮುಳುಗುವ ಮುಂಚೆ ಕೊಡಬೇಕೆಂಬುದು ಮೋಶೆಯ ಕಾಲದ ಕಾನೂನು, ಇನ್ನೂ ರದ್ದಾಗಿಲ್ಲ. ಈ ಸೆಪ್ಟೆಂಬರ್ 8ರಂದು ಬಾಳೆಲೆ ಹಾಕುವ ಮೊದಲು ಮನೆಯ ಲೆಕ್ಕದ ಪುಸ್ತಕ ತೆಗೆದು ನೋಡಿ. ಯಾರ ಕೂಲಿ ಬಾಕಿಯಿದೆಯೋ ಅವರ ಮನೆಗೆ ಹೋಗಿ ಕೊಟ್ಟು ಬನ್ನಿ, ಆಮೇಲೆ ಊಟಕ್ಕೆ ಕೂರೋಣ.